ಮನೆ ಕಟ್ಟಲು ಹಣವೆಲ್ಲಿಂದ?

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಮನೆ ಕಟ್ಟುವದು ಕಷ್ಟವೆಂದು ಈ ಗಾದೆ ಎಚ್ಚರಿಸುವದೇ ಹೊರತು, ಕಟ್ಟಲು ಹಣವನ್ನು ಎಲ್ಲಿಂದ ತರಬೇಕೆಂಬದನ್ನು ತಿಳಿಸುವದಿಲ್ಲ. ನೌಕರಿಯುಳ್ಳವನಿಗೆ ಇಂದು ಉತ್ತರ ಸುಲಭ. ಪಗಾರದ ಚೀಟಿಯನ್ನೂ ಜಾಗದ ಕಾಗದಗಳನ್ನೂ ಒಯ್ದರೆ ಬ್ಯಾಂಕು ಹದಿನೈದಿಪ್ಪತ್ತು ವರ್ಷದ ಸಾಲ ಕೊಡುತ್ತದೆ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಎಷ್ಟು ಜನರ ಮನೆಯಲ್ಲಿ ಪಗಾರದ ಚೀಟಿ ಇದೆ? ಕಬ್ಬು ಕಡಿಯುವವರು, ಹಮಾಲರು, ಗೌಂಡಿಗಳು, ಎರಡೆಕರೆಯ ಒಕ್ಕಲಿಗರು, ಇವರೆಲ್ಲ ಕಟ್ಟಿದ ಮನೆಗಳೂ ಊರ ತುಂಬ ನಿಂತಿವೆ. ಅವು ಯಾವ ಹಣದಿಂದ ನಿಂತವೆಂಬದನ್ನು ವಿಚಾರಿಸುವದು ಈ ಲೇಖನದ ಉದ್ದೇಶ.

ಮೊದಲು ಬ್ಯಾಂಕಿನ ಮಾತು. ಗೃಹಸಾಲವು ನಾವು ತಿಳಿದಷ್ಟು ಹಳೆಯದಲ್ಲ. ಮನೆಸಾಲಕ್ಕೆಂದೇ ಹೆಸರಾದ ಎಚ್.ಡಿ.ಎಫ್.ಸಿ. ಸಂಸ್ಥೆ ಹುಟ್ಟಿದ್ದು 1977ರಲ್ಲಿ; ರಾಷ್ಟ್ರೀಯ ವಸತಿ ಬ್ಯಾಂಕು ಸ್ಥಾಪನೆಯಾದದ್ದು 1988ರಲ್ಲಿ. ಬ್ಯಾಂಕಿನ ಸಾಲಕ್ಕೆ ಎರಡು ಆಧಾರಗಳು ಬೇಕು: ತಿಂಗಳು ತಿಂಗಳು ಬರುವ ಆದಾಯ ಮತ್ತು ಜಾಗದ ಶುದ್ಧವಾದ ಕಾಗದ. ಹಳ್ಳಿಯ ಗಾಂವಠಾಣದಲ್ಲಿ ಅಜ್ಜನ ಕಾಲದಿಂದ ಬಾಳಿದ ಮನೆಗೆ ಇಂಥ ಕಾಗದ ಬಹುಮಟ್ಟಿಗೆ ಇರುತ್ತಿರಲಿಲ್ಲ. 2013ರಲ್ಲಿ ನಮ್ಮ ರಾಜ್ಯದಲ್ಲಿ ಇ-ಸ್ವತ್ತು ವ್ಯವಸ್ಥೆ ಬಂದ ತರುವಾಯ ಗ್ರಾಮ ಪಂಚಾಯತಿಯಿಂದ ನಮೂನೆ 9 ಮತ್ತು 11 ದೊರೆಯತೊಡಗಿದವು. 2020ರಲ್ಲಿ ಕೇಂದ್ರ ಸರಕಾರವು ಸ್ವಾಮಿತ್ವ ಯೋಜನೆಯನ್ನು ಆರಂಭಿಸಿ, ಡ್ರೋನಿನಿಂದ ಗಾಂವಠಾಣಗಳನ್ನು ಅಳೆದು ಆಸ್ತಿಯ ಕಾರ್ಡು ಕೊಡುವ ಕೆಲಸಕ್ಕೆ ಕೈಹಾಕಿತು. ಆದುದರಿಂದ ಮನೆ ಕಟ್ಟುವ ವಿಚಾರವಿದ್ದವರು ಇಟ್ಟಂಗಿಯ ಲೆಕ್ಕಕ್ಕಿಂತ ಮುಂಚೆ ಕಾಗದದ ಲೆಕ್ಕವನ್ನು ಸರಿಮಾಡಿಕೊಳ್ಳಬೇಕು.

ಸಾಲದ ಅವಧಿಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವದು ಒಳ್ಳೆಯದು. ಶೇಕಡಾ 9ರ ಬಡ್ಡಿಯಲ್ಲಿ 5 ಲಕ್ಷ ರೂಪಾಯಿ ತಂದರೆ, ಹದಿನೈದು ವರ್ಷಕ್ಕೆ ತಿಂಗಳ ಕಂತು ಸುಮಾರು 5,071 ರೂ.; ಒಟ್ಟು ತೀರಿಸುವದು 9 ಲಕ್ಷ 12 ಸಾವಿರಕ್ಕೂ ಮೇಲೆ. ಅದೇ ಸಾಲಕ್ಕೆ ಹತ್ತು ವರ್ಷದ ಅವಧಿ ಆರಿಸಿಕೊಂಡರೆ ಕಂತು ಸುಮಾರು 6,334 ರೂ. ಆಗುತ್ತದೆ, ಒಟ್ಟು ಹಣ 7 ಲಕ್ಷ 60 ಸಾವಿರಕ್ಕೆ ಇಳಿಯುತ್ತದೆ. ತಿಂಗಳಿಗೆ 1,263 ರೂಪಾಯಿ ಹೆಚ್ಚು ತೆತ್ತವನಿಗೆ ಒಂದೂವರೆ ಲಕ್ಷ ಉಳಿಯುತ್ತದೆ.

ಬ್ಯಾಂಕಿನ ಬಾಗಿಲು ತೆರೆಯದವರಿಗೆ ನಮ್ಮ ಭಾಗದಲ್ಲಿ ಆಸರೆಯಾದದ್ದು ಸಹಕಾರ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂದಿತು. ಮರುವರ್ಷವೇ, ಅಂದರೆ 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಬೆಂಗಳೂರಿನಲ್ಲಿ 1909ರಷ್ಟು ಹಿಂದೆಯೇ ಮನೆ ಕಟ್ಟುವವರ ಸಹಕಾರ ಸಂಘ ತಲೆಯೆತ್ತಿತು. ನಮ್ಮ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಮನೆಮನೆಗೆ ದೀಪ ಮುಟ್ಟಿಸಿ, ಸಹಕಾರದಿಂದ ಎಂಥ ಕೆಲಸ ಸಾಧ್ಯವೆಂಬದನ್ನು ತೋರಿಸಿದೆ. ಇಂದು ಮೂಡಲಗಿಯ ಪೇಟೆಯಲ್ಲಾಗಲಿ ಗೋಕಾಕದ ಪೇಟೆಯಲ್ಲಾಗಲಿ ನಡೆದುಹೋದರೆ ಪತ್ತಿನ ಸಂಘಗಳ ಫಲಕಗಳು ಸಾಲಾಗಿ ಕಾಣುತ್ತವೆ. ಪಗಾರದ ಚೀಟಿಯಿಲ್ಲದವನನ್ನು ಈ ಸಂಘಗಳು ಅವನ ದುಡಿಮೆ ಮತ್ತು ನಡತೆಯಿಂದ ಗುರುತಿಸುತ್ತವೆ. ಇದೇ ಅವುಗಳ ಹೆಚ್ಚುಗಾರಿಕೆ.

ಆದರೆ ಎರಡು ಮಾತುಗಳನ್ನು ಮರೆಯಲಾಗದು. ಒಂದು: ಬ್ಯಾಂಕಿನಲ್ಲಿಯ ಠೇವಣಿಗೆ 2020ರಿಂದ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. ಇದು ಸಹಕಾರಿ ಬ್ಯಾಂಕುಗಳಿಗೂ ಉಂಟು. ಬ್ಯಾಂಕಲ್ಲದ ಪತ್ತಿನ ಸಂಘಗಳಿಗೆ ಇಲ್ಲ. ಇನ್ನೊಂದು: ಬಡ್ಡಿಯನ್ನು ಹೇಗೆ ಎಣಿಸುತ್ತಾರೆಂಬದನ್ನು ಕೇಳಿ ತಿಳಿಯಬೇಕು. ಒಂದು ಲಕ್ಷ ರೂಪಾಯಿಗೆ ಶೇಕಡಾ 12ರಂತೆ ಐದು ವರ್ಷ ಮೂಲಧನದ ಮೇಲೆಯೇ ಬಡ್ಡಿ ಹಾಕಿದರೆ ಬಡ್ಡಿ 60,000 ರೂ. ಆಗುವದು. ಅದೇ 12ರ ದರವನ್ನು ಉಳಿದ ಬಾಕಿಯ ಮೇಲೆ ಹಾಕಿದರೆ ಬಡ್ಡಿ ಸುಮಾರು 33,500 ರೂ. ಮಾತ್ರ. ಹೇಳುವ ದರ ಒಂದೇ. ಮೊದಲನೆಯ ಲೆಕ್ಕದಲ್ಲಿ ತೆರುವದು ವಾಸ್ತವವಾಗಿ 20ರ ದರ.

ಮೂರನೆಯ ದಾರಿ ದಿನದ ಉಳಿತಾಯ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಹಣ ಕೂಡಿಸುವ ಪಿಗ್ಮಿ ಪದ್ಧತಿಯನ್ನು ಆರಂಭಿಸಿದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಶಬ್ದ ಮಾತ್ರ ನಮ್ಮ ಅಂಗಡಿ, ಓಣಿಗಳಲ್ಲಿ ಇನ್ನೂ ಬದುಕಿದೆ. ಇದರ ಬಡ್ಡಿ ಅಲ್ಪ. ಆದರೂ ದಿನಗೂಲಿಯವನಿಗೆ ಇದರಿಂದಾಗುವ ಉಪಕಾರ ದೊಡ್ಡದು. ಸಂಜೆಗೆ ಕರಗಿಹೋಗುವ ಹಣವನ್ನು ಇದು ಸಂಜೆಯ ಮುಂಚೆಯೇ ಎತ್ತಿಡುತ್ತದೆ.

ನಾಲ್ಕನೆಯದು ಭಿಶಿ. ಇಪ್ಪತ್ತು ಜನ ತಿಂಗಳಿಗೆ 2,000 ರೂಪಾಯಿಯಂತೆ ಹಾಕಿದರೆ 40,000 ರೂ. ಕೂಡುವದು. ಚೀಟಿ ಎತ್ತಿ ಪ್ರತಿ ತಿಂಗಳು ಒಬ್ಬರಿಗೆ ಕೊಡುವರು. ಮೊದಲು ಪಡೆದವನಿಗೆ ಅದು ಬಡ್ಡಿಯಿಲ್ಲದ ಸಾಲ, ಕೊನೆಗೆ ಪಡೆದವನಿಗೆ ಬಡ್ಡಿಯಿಲ್ಲದ ಉಳಿತಾಯ. ನೋಂದಣಿಯಾದ ಚಿಟ್‌ಫಂಡುಗಳಿಗೆ 1982ರ ಕಾಯದೆಯ ಕಟ್ಟುಪಾಡು ಉಂಟು. ಓಣಿಯ ಭಿಶಿಗೆ ಜನರ ನಂಬಿಗೆಯೊಂದೇ ಕಾಯದೆ.

ಐದನೆಯದಕ್ಕೆ ಹಣವೇ ಬೇಡ. ಅದು ಮುಯ್ಯಿ. ನಿನ್ನ ಮನೆಯ ಪಾಯಕ್ಕೆ ನಾನು ನಾಲ್ಕು ದಿನ ಬಂದರೆ ನನ್ನ ಗೋಡೆಗೆ ನೀನು ನಾಲ್ಕು ದಿನ ಬರುವೆ. ಕೂಲಿ ಏರಿದಷ್ಟೂ ಮುಯ್ಯಿಯ ಬೆಲೆಯೂ ತಾನಾಗಿ ಏರುತ್ತದೆ.

ಈ ದಾರಿಗಳನ್ನು ನಾನು ತಿಳಿದದ್ದು ನಮ್ಮ ತಂದೆಯವರಿಂದ. ಅವರು ಗೌಂಡಿ. ಮೂಡಲಗಿಯ ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಜನರ ಮನೆ ಕಟ್ಟಿದ್ದಾರೆ. ತಮ್ಮ ಮೂರು ಅಂಕಣದ ಮನೆಗೆ ಅವರಿಗೆ ಒಂಬತ್ತು ವರ್ಷ ಹಿಡಿಯಿತು. ಒಂದು ಬೇಸಿಗೆಯಲ್ಲಿ ಪಾಯ, ಎರಡು ವರ್ಷ ಬಿಟ್ಟು ಗೋಡೆ, ಅದರ ಮೇಲೆ ತಗಡು. ಸ್ಲ್ಯಾಬು ಬಿದ್ದದ್ದು ನಾನು ಏಳನೆಯ ಇಯತ್ತೆಯಲ್ಲಿದ್ದಾಗ. ಪಾಯಕ್ಕೆ ಪಿಗ್ಮಿಯ ಹಣ, ಗೋಡೆಗೆ ಒಂದು ಎಮ್ಮೆ, ತಗಡಿಗೆ ಭಿಶಿ, ಸ್ಲ್ಯಾಬಿಗೆ ಅವ್ವನ ಪಾಟಲಿಗಳ ಮೇಲಿನ ಸಾಲ. ಆಳುಗಳು ಬಹುತೇಕ ಮುಯ್ಯಾಳುಗಳೇ. ರಾತ್ರಿ ಉಂಡಾದ ಮೇಲೆ ಕರಣಿಯನ್ನು ತೊಳೆದಿಟ್ಟು, ನನ್ನ ಹಳೆಯ ಪಟ್ಟಿಯ ಖಾಲಿ ಹಾಳೆಗಳಲ್ಲಿ ಲೆಕ್ಕ ಬರೆಯಲು ನನ್ನನ್ನು ಕೂಡ್ರಿಸುತ್ತಿದ್ದರು. ಅವರಿಗೆ ಸಹಿಯೊಂದು ಬಿಟ್ಟು ಹೆಚ್ಚಿಗೆ ಬರೆಯಲು ಬಾರದು. “ಅಪ್ಪಾ, ಒಮ್ಮೆಲೇ ಸಾಲಾ ತಗದು ಯಾಕ ಕಟ್ಟಬಾರದು?” ಎಂದು ನಾನೊಮ್ಮೆ ಕೇಳಿದೆ. “ಗ್ವಾಡಿ ಒಣಗಾಕ ಬ್ಯಾಸಗಿ ಬೇಕಾಗತೈತಿ ತಮ್ಮಾ, ಸಾಲಾ ಒಣಗಾಕ ಭಾಳ ಬ್ಯಾಸಗಿ ಬೇಕಾಗತಾವು” ಎಂದರು.

ಗೋಡೆಗೂ ಸ್ಲ್ಯಾಬಿಗೂ ನಡುವೆ ಅಷ್ಟು ಅಂತರ ಬೀಳಲು ಬೇರೊಂದು ಕಾರಣವಿತ್ತು. ತಮ್ಮೊಡನೆ ದುಡಿಯುತ್ತಿದ್ದ ಒಬ್ಬರ ಸಾಲಕ್ಕೆ ತಂದೆಯವರು ಜಾಮೀನಾಗಿದ್ದರು. ಆತ ಊರು ಬಿಟ್ಟರು. ನೋಟೀಸು ನಮ್ಮ ಮನೆಗೆ ಬಂದಿತು. ಮೂರು ವರ್ಷ ಆ ಕಂತುಗಳನ್ನು ತಂದೆಯವರು ತುಂಬಿದರು. ಚೌಕಟ್ಟಿಗೆ ಕದವಿಲ್ಲದೆ ಗೋಣಿತಟ್ಟು ತೂಗಾಡುತ್ತಿತ್ತು. ಅಕ್ಕ ಹತ್ತನೆಯದನ್ನು ಪಾಸು ಮಾಡಿಯೂ ಪಿ.ಯು.ಸಿ.ಗೆ ಹೋಗಲಿಲ್ಲ. ಇಂದು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುತ್ತಿರುವವನು ನಾನು. ಓದಿನಲ್ಲಿ ನನಗಿಂತ ಜಾಣೆ ಅವಳಿದ್ದಳು. ಆ ಮನುಷ್ಯನನ್ನು ತಂದೆಯವರು ಬೈದದ್ದನ್ನು ನಾನು ಕೇಳಲಿಲ್ಲ. “ಸಹಿ ಮಾಡೂಮುಂದ ಪೆನ್ನ ಹಗರ ಇರತೈತಿ” ಎಂದಷ್ಟೇ ಒಮ್ಮೆ ಅಂದರು.

ಕಾಯದೆಯೂ ಇದನ್ನೇ ಹೇಳುತ್ತದೆ. 1872ರ ಕರಾರು ಕಾಯದೆಯ 128ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲಗಾರನನ್ನು ಮೊದಲು ಹಿಡಿದು, ಅವನಿಂದ ಬಾರದಿದ್ದರೆ ಮಾತ್ರ ಜಾಮೀನುದಾರನ ಕಡೆಗೆ ಬರಬೇಕೆಂಬ ನಿಯಮವಿಲ್ಲ. ನಾವು ಪದವಿ ಪಡೆದು ನೌಕರಿ ಹಿಡಿದ ದಿನವೇ ನಮ್ಮ ಸಹಿಗೆ ಬೆಲೆ ಬರುತ್ತದೆ, ಕೇಳುವವರೂ ಬರುತ್ತಾರೆ. ಆ ಸಾಲವನ್ನು ತಾನೇ ತೀರಿಸಬೇಕಾಗಿ ಬಂದರೆ ತೀರಿಸಬಲ್ಲೆನೇ ಎಂದು ಕೇಳಿಕೊಂಡು ಸಹಿ ಮಾಡಬೇಕು. ಅಂತೆಯೇ ಅವಸರದಲ್ಲಿ ಸಿಗುವ ಕಿರುಸಾಲಗಳ ವಿಷಯದಲ್ಲಿಯೂ ಎಚ್ಚರ ಅವಶ್ಯ. ವಸೂಲಿಯ ಕಿರುಕುಳ ಮಿತಿಮೀರಿದ್ದರಿಂದಲೇ ರಾಜ್ಯ ಸರಕಾರ 2025ರ ಫೆಬ್ರುವರಿಯಲ್ಲಿ ಅದರ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಸರಕಾರದ ಸಹಾಯಧನವನ್ನೂ ಲೆಕ್ಕದಲ್ಲಿ ಹಿಡಿಯಬೇಕು. ರಾಜ್ಯದ ವಸತಿ ಯೋಜನೆಗಳಿಗಾಗಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ 2000ದಲ್ಲಿ ಸ್ಥಾಪನೆಯಾಯಿತು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯು ಬಯಲು ಸೀಮೆಯ ಫಲಾನುಭವಿಗೆ 1,20,000 ರೂ. ನಿಗದಿಪಡಿಸಿತು. ಹಣ ಬರುವದು ಕಂತುಕಂತಾಗಿ. ಪಾಯ ಎದ್ದರೆ ಒಂದು, ಗೋಡೆ ಎದ್ದರೆ ಇನ್ನೊಂದು. ಆದುದರಿಂದ ಕೈಯಲ್ಲಿ ಸ್ವಲ್ಪವಾದರೂ ಸ್ವಂತ ಹಣವಿಲ್ಲದವನ ಕೆಲಸ ಅರ್ಧಕ್ಕೆ ನಿಲ್ಲುವ ಸಂಭವ ಉಂಟು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳನ್ನು ಹೊಕ್ಕಾಗ, ಪೂರ್ಣ ಬಿದ್ದ ಮನೆಗೆ ಸರಕಾರ 5 ಲಕ್ಷ ರೂ. ಘೋಷಿಸಿತು. ಆಗಲೂ ಹಣದ ರೀತಿ ಕಂತಿನದೇ.

ಇಷ್ಟರಿಂದ ತಿಳಿಯುವದೇನೆಂದರೆ, ಕೂಲಿಯವನ ಮನೆ ಒಂದೇ ಹಣದಿಂದ ಏಳುವದಿಲ್ಲ. ಸ್ವಂತ ಉಳಿತಾಯದಿಂದ ಪಾಯ, ನೆರೆಹೊರೆಯ ನೆರವಿನಿಂದ ಗೋಡೆ, ಉಳಿದದ್ದಕ್ಕೆ ಮಾತ್ರ ಸಾಲ, ಈ ಕ್ರಮ ಕ್ಷೇಮಕರ. ಇದರಲ್ಲಿ ಕಾಲ ಹೆಚ್ಚು ಹಿಡಿಯುವದು, ಸಿಮೆಂಟು ಕಬ್ಬಿಣದ ಬೆಲೆ ಅಷ್ಟರಲ್ಲಿ ಏರುವದು. ಇವು ಈ ಪದ್ಧತಿಯ ದೋಷಗಳು. ಒಂದು ಕಂತು ತಪ್ಪಿದರೆ ಮನೆಯೇ ಹರಾಜಾಗುವ ಭಯವಿಲ್ಲದಿರುವದು ಇದರ ದೊಡ್ಡ ಗುಣ.

ವಿದ್ಯಾವಂತರಾದ ನಾವು ಈ ಕೆಲಸದಲ್ಲಿ ಮಾಡಬಹುದಾದದ್ದೊಂದಿದೆ. ನಮ್ಮ ಮನೆಗೆ ಬರುವ ಸಾಲದ ಕಾಗದಗಳನ್ನು ಸಹಿಯಾಗುವ ಮುಂಚೆ ನಾವೇ ಓದಿ, ಬಡ್ಡಿಯ ಲೆಕ್ಕ ಯಾವದು, ಅವಧಿ ಎಷ್ಟು, ಜಾಮೀನು ಯಾರು ಎಂಬದನ್ನು ಹಿರಿಯರಿಗೆ ಬಿಡಿಸಿ ಹೇಳುವದು. ಕೂಡುವದು ಕಳೆಯುವದು ಬಲ್ಲವನಿಗೆ ಇದಕ್ಕೆ ಅರ್ಧ ತಾಸು ಸಾಕು.