ಊರಿನ ಸೋಂಕು ನೋಡಿ ಊರಿಗೆ ನಿರ್ಬಂಧ

ನೂರು ಜನ ಸೇರುವ ಒಂದು ಮದುವೆಯನ್ನು ನೆನೆಸಿಕೊಳ್ಳಿ. ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಮಾತ್ರ ಸೋಂಕಿರುವ ಊರಿನಲ್ಲಿ ಆ ಮದುವೆ ನಡೆದರೆ, ಕಲ್ಯಾಣ ಮಂಟಪದೊಳಗೆ ಸೋಂಕಿತರು ಒಬ್ಬರಾದರೂ ಇರುವ ಸಾಧ್ಯತೆ ಸುಮಾರು ಶೇ 1. ನೂರಕ್ಕೆ ಒಬ್ಬರಿಗೆ ಸೋಂಕಿರುವ ಊರಿನಲ್ಲಿ ಅದೇ ಮದುವೆ ನಡೆದರೆ ಸಾಧ್ಯತೆ ಶೇ 63. ಲೆಕ್ಕ ಸರಳ: ಒಬ್ಬ ಅತಿಥಿಗೆ ಸೋಂಕು ಇಲ್ಲದಿರುವ ಸಾಧ್ಯತೆ 0.99; ಅದನ್ನು ನೂರು ಸಲ ಗುಣಿಸಿದರೆ ಉಳಿಯುವುದು 0.37 ಮಾತ್ರ. ಅದೇ ಚಪ್ಪರ, ಅದೇ ಪಂಕ್ತಿ ಊಟ, ಅಪಾಯ ಮಾತ್ರ ಅರವತ್ತು ಪಟ್ಟಿಗೂ ಹೆಚ್ಚು. ಎರಡೂ ಊರಿಗೆ ಒಂದೇ ನಿಯಮ ಹಾಕಿದರೆ ಒಂದು ಕಡೆ ಅನವಶ್ಯಕ ಕಷ್ಟ, ಇನ್ನೊಂದು ಕಡೆ ಸಾಕಾಗದ ರಕ್ಷಣೆ.

ಕೋವಿಡ್ ಕಾಲದಲ್ಲಿ ನಾವು ಈ ಪಾಠವನ್ನು ಹಂತಹಂತವಾಗಿ ಕಲಿತೆವು. 2020ರ ಮಾರ್ಚ್ 25ರಿಂದ ಇಡೀ ದೇಶಕ್ಕೆ ಒಂದೇ ಲಾಕ್‌ಡೌನ್ ಇತ್ತು. ಏಪ್ರಿಲ್ ಕೊನೆಗೆ ಕೇಂದ್ರ ಆರೋಗ್ಯ ಸಚಿವಾಲಯ ಸೋಂಕಿನ ಅಪಾಯ ನೋಡಿ ಜಿಲ್ಲೆಗಳನ್ನು ಮೂರು ವಲಯಗಳಾಗಿ ವಿಂಗಡಿಸಿತು: 130 ಕೆಂಪು, 284 ಕಿತ್ತಳೆ, 319 ಹಸಿರು. ಕರ್ನಾಟಕದ ಕೆಂಪು ಪಟ್ಟಿಯಲ್ಲಿದ್ದವು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಮೈಸೂರು. 21 ದಿನ ಹೊಸ ಪ್ರಕರಣವಿಲ್ಲದ ಜಿಲ್ಲೆ ಹಸಿರು ಎನಿಸಿಕೊಳ್ಳುತ್ತಿತ್ತು. ಜಿಲ್ಲೆಯೊಳಗೂ ಸೋಂಕು ಕಂಡ ಬೀದಿಯನ್ನೋ ಬಡಾವಣೆಯನ್ನೋ ಗುರುತಿಸಿ ಸೀಲ್‌ಡೌನ್ ಮಾಡಿದರು.

ಆದರೆ ಪ್ರಕರಣಗಳ ಎಣಿಕೆಯೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಒಂದು ತಾಲ್ಲೂಕಿನಲ್ಲಿ 1,000 ಜನರ ಗಂಟಲು ದ್ರವ ಪರೀಕ್ಷಿಸಿ 50 ಮಂದಿಯಲ್ಲಿ ಸೋಂಕು ಕಂಡಿತು ಎನ್ನಿ. ಪಕ್ಕದ ತಾಲ್ಲೂಕಿನಲ್ಲಿ 200 ಪರೀಕ್ಷೆಗೆ 40. ಎಣಿಕೆಯಲ್ಲಿ ಮೊದಲನೆಯದು ದೊಡ್ಡದು. ಪರೀಕ್ಷಿಸಿದವರಲ್ಲಿ ಸೋಂಕು ಕಂಡವರ ಪಾಲು, ಅಂದರೆ ಪಾಸಿಟಿವಿಟಿ ದರದಲ್ಲಿ ಅದು ಶೇ 5, ಎರಡನೆಯದು ಶೇ 20. ಪರೀಕ್ಷಿಸಿದ ಐವರಲ್ಲಿ ಒಬ್ಬರಿಗೆ ಸೋಂಕು ಇರುವುದು ಕಂಡುಬಂದರೆ, ಪರೀಕ್ಷೆಗೆ ಬಾರದವರಲ್ಲಿ ಇನ್ನೂ ಬಹಳ ಮಂದಿ ಇರಬಹುದು ಎಂದರ್ಥ. ಈ ದರ ಎರಡು ವಾರ ಶೇ 5ಕ್ಕಿಂತ ಕೆಳಗಿದ್ದ ಮೇಲೆ ನಿರ್ಬಂಧ ಸಡಿಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಹೇಳಿದ್ದು ಇದಕ್ಕೇ. 2021ರ ಜೂನ್‌ನಲ್ಲಿ ಕರ್ನಾಟಕ ಇದೇ ಅಳತೆಗೋಲು ಹಿಡಿಯಿತು. ಶೇ 5ಕ್ಕಿಂತ ಕಡಿಮೆ ಇದ್ದ 16 ಜಿಲ್ಲೆಗಳಿಗೆ ಹೆಚ್ಚು ಸಡಿಲಿಕೆ ಸಿಕ್ಕಿತು. ಶೇ 10 ದಾಟಿದ್ದ ಮೈಸೂರಿನಲ್ಲಿ ಬಿಗಿ ಮುಂದುವರಿಯಿತು.

ಈ ಅಳತೆಗೂ ಮಿತಿಗಳಿವೆ. ಇವತ್ತು ತಗಲಿದ ಸೋಂಕು ಕೆಮ್ಮು, ಜ್ವರವಾಗಿ ಕಾಣಲು ಕೆಲವು ದಿನ ಬೇಕು. ಪರೀಕ್ಷೆಗೆ, ಫಲಿತಾಂಶಕ್ಕೆ ಮತ್ತಷ್ಟು ದಿನ. ಹಾಗಾಗಿ ಕೈಗೆ ಬರುವ ಅಂಕಿ ಹಿಂದಿನ ವಾರದ ಚಿತ್ರ. ದರ ಏರತೊಡಗಿದ ಕೂಡಲೇ ಬಿಗಿ ಮಾಡಬೇಕು, ಇಳಿದಾಗ ತಾಳ್ಮೆಯಿಂದ ಸಡಿಲಿಸಬೇಕು. ಸೋಂಕಿನ ಲಕ್ಷಣವೇ ಇಲ್ಲದವರನ್ನು ಸಾಲುಗಟ್ಟಿಸಿ ಪರೀಕ್ಷಿಸಿದರೆ ದರ ಕಾಗದದ ಮೇಲೆ ಇಳಿಯುತ್ತದೆ, ಊರಿನ ಸೋಂಕು ಇಳಿಯುವುದಿಲ್ಲ. ವೈರಾಣುವಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ದಿನವೂ ಬಸ್ಸು ಹತ್ತಿ ಪಕ್ಕದ ಜಿಲ್ಲೆಗೆ ದುಡಿಯಲು ಹೋಗುವವರನ್ನೂ, ಸುತ್ತಲಿನ ಊರಿನವರೆಲ್ಲ ನೆಚ್ಚಿಕೊಂಡ ಆಸ್ಪತ್ರೆಯಲ್ಲಿ ಉಳಿದ ಹಾಸಿಗೆಗಳನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಮುಂದೊಂದು ಸಾಂಕ್ರಾಮಿಕ ಬಂದಾಗ ಊರಿಗೆ ತಕ್ಕ ನಿಯಮ ಬೇಕೆಂದರೆ ಊರಿನ ನಿಜವಾದ ಅಂಕಿ ಸಿಗಬೇಕು. ಜ್ವರ ಬಂದಾಗ ಮುಚ್ಚಿಡದೆ ಪರೀಕ್ಷೆ ಮಾಡಿಸಿಕೊಳ್ಳಿ, ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಗೆ ಇದ್ದದ್ದನ್ನು ಇದ್ದಂತೆ ಹೇಳಿ. ನಿಮ್ಮ ಬೀದಿಯ ಅಂಗಡಿ ಬಾಗಿಲು ತೆರೆಯಬೇಕೋ ಮುಚ್ಚಬೇಕೋ ಎಂಬ ತೀರ್ಮಾನ ಆ ಉತ್ತರದಿಂದಲೇ ಶುರುವಾಗುತ್ತದೆ.