ಹೊಕ್ಕುಳಬಳ್ಳಿ ಹೇಳಿದ ಸಾಕ್ಷಿ

ಮಕ್ಕಳೇ, ನೀವು ಹುಟ್ಟಿದಾಗ ಉದುರಿದ ಹೊಕ್ಕುಳಬಳ್ಳಿಯನ್ನು ಏನು ಮಾಡಿದರು ಎಂದು ಅಜ್ಜಿಯನ್ನು ಕೇಳಿ ನೋಡಿ. ನಮ್ಮಲ್ಲಿ ಕೆಲವರು ಅದನ್ನು ಒಣಗಿಸಿ ತಾಯಿತದಲ್ಲಿ ಇಡುತ್ತಾರೆ. ಜಪಾನಿನಲ್ಲಿ ಪುಟ್ಟ ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡುವ ರೂಢಿಯಿದೆ. ಆ ರೂಢಿಯೇ ಒಮ್ಮೆ ಒಂದು ದೊಡ್ಡ ದುರಂತಕ್ಕೆ ಸಾಕ್ಷಿ ಹೇಳಿತು.

ಮಿನಮಾಟ ಜಪಾನಿನ ಕ್ಯೂಶೂ ದ್ವೀಪದ ಒಂದು ಊರು, ಕಡಲ ದಂಡೆಯಲ್ಲಿದೆ. ಅಲ್ಲಿನ ಚಿಸ್ಸೊ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸ ಬೆರೆತ ಕೊಳೆನೀರನ್ನು ಸಮುದ್ರಕ್ಕೆ ಬಿಟ್ಟಿತು. ಅದರಲ್ಲಿದ್ದ ಮೀಥೈಲ್ ಪಾದರಸ ಎಂಬ ವಿಷ ಮೀನು, ಚಿಪ್ಪುಗಳ ಮೈ ಸೇರಿತು. ಮೀನು ತಿಂದ ಬೆಕ್ಕುಗಳು ಕುಣಿದಂತೆ ತತ್ತರಿಸಿ ಸತ್ತವು. ಆಮೇಲೆ ಜನರ ಕೈಕಾಲು ನಡುಗತೊಡಗಿದವು, ಮಾತು ತೊದಲಿತು. ಈ ಕಾಯಿಲೆ ಅಧಿಕೃತವಾಗಿ ವರದಿಯಾದದ್ದು 1956ರ ಮೇ 1ರಂದು.

ಮಸಾಜುಮಿ ಹರಾದ ಎಂಬ ಯುವ ವೈದ್ಯರು ಅಲ್ಲಿ ಇಬ್ಬರು ಅಣ್ಣತಮ್ಮಂದಿರನ್ನು ಕಂಡರು. ಇಬ್ಬರಿಗೂ ಒಂದೇ ಬಗೆಯ ತೊಂದರೆ. ಅಣ್ಣನದು ಮಿನಮಾಟ ರೋಗ, ತಮ್ಮನದು ಬೇರೆ ಎಂದು ವೈದ್ಯರು ಹೇಳಿದ್ದರು. ಏಕೆಂದರೆ ತಮ್ಮ ಮೀನನ್ನು ತಿಂದೇ ಇರಲಿಲ್ಲ! ತಾಯಿ ಮಾತ್ರ ಇದನ್ನು ಒಪ್ಪಲಿಲ್ಲ. ಬಸುರಿಯಾಗಿದ್ದಾಗ ಮೀನು ತಿಂದವಳು ತಾನು, ಆ ವಿಷ ಹೊಟ್ಟೆಯಲ್ಲಿದ್ದ ಕೂಸಿಗೆ ಹೋಗಿದೆ ಎಂಬುದು ಅವಳ ವಾದ.

ಗರ್ಭದಲ್ಲಿರುವ ಮಾಸು ಕೂಸನ್ನು ವಿಷದಿಂದ ಕಾಯುತ್ತದೆ ಎಂದೇ ಆಗ ನಂಬಿದ್ದರು. ಆದರೆ ತಾಯಿಯ ಮಾತೇ ನಿಜವಾಯಿತು. 1962ರಲ್ಲಿ ಇಂಥ 16 ಮಕ್ಕಳಿಗೆ ಹುಟ್ಟುವ ಮೊದಲೇ ಈ ರೋಗ ತಗಲಿತ್ತೆಂದು ಒಪ್ಪಿಕೊಳ್ಳಲಾಯಿತು. ಮುಂದೆ ಮನೆಮನೆಯ ಪೆಟ್ಟಿಗೆಗಳಲ್ಲಿದ್ದ ಒಣ ಹೊಕ್ಕುಳಬಳ್ಳಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲೂ ಮೀಥೈಲ್ ಪಾದರಸ ಸಿಕ್ಕಿತು. ಎಷ್ಟೋ ತಾಯಂದಿರು ಹೊರನೋಟಕ್ಕೆ ಆರೋಗ್ಯವಾಗಿಯೇ ಇದ್ದರು. ಆದರೆ ಬೆಳೆಯುತ್ತಿರುವ ಮಿದುಳು ಬಲು ನಾಜೂಕು, ಪೆಟ್ಟು ಬಿದ್ದದ್ದು ಕೂಸಿಗೆ.

ನಾನು ಕರಾವಳಿಯವಳು. ಈ ಕಥೆ ಹೇಳಿದಾಗಲೆಲ್ಲ ಮೊಮ್ಮಗಳು, “ಹಾಗಾದರೆ ಮೀನು ತಿನ್ನಬಾರದಾ ಅಜ್ಜಿ?” ಎಂದು ಕೇಳುತ್ತಾಳೆ. ಖಂಡಿತ ತಿನ್ನಬೇಕು. ಮಗುವಿನ ಮಿದುಳು ಬೆಳೆಯಲು ಬೇಕಾದ ಒಳ್ಳೆಯ ಕೊಬ್ಬು ಮೀನಿನಲ್ಲಿದೆ. ಯಾವ ಮೀನು ಎಂಬುದನ್ನು ಮಾತ್ರ ನೋಡಬೇಕು. ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತದೆ, ಅದನ್ನು ಇನ್ನೂ ದೊಡ್ಡದು ನುಂಗುತ್ತದೆ. ಹೀಗೆ ಮೇಲೆ ಹೋದಂತೆ ಪಾದರಸವೂ ಕೂಡುತ್ತಾ ಹೋಗುತ್ತದೆ. ಆದ್ದರಿಂದ ಬಸುರಿಯರು ಶಾರ್ಕಿನಂಥ ದೊಡ್ಡ ಬೇಟೆಗಾರ ಮೀನುಗಳನ್ನು ಬಿಟ್ಟು, ಬೂತಾಯಿಯಂಥ ಸಣ್ಣ ಮೀನು ತಿನ್ನುವುದು ಲೇಸು. ತೊಳೆದರೂ ಬೇಯಿಸಿದರೂ ಪಾದರಸ ಹೋಗದು.

ಪಾದರಸವನ್ನು ಹತೋಟಿಯಲ್ಲಿಡಲು 2013ರಲ್ಲಿ ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಭಾರತವೂ ಅದರಲ್ಲಿದೆ. ಅದರ ಹೆಸರು ಮಿನಮಾಟ ಒಪ್ಪಂದ.