ನೃತ್ಯಸಂಗೀತಕ್ಕೆ ತಂತ್ರಾಂಶ ವಾದ್ಯಗಳ ಆಯ್ಕೆ

ವಾದ್ಯವೆಂದರೆ ಮರ, ಲೋಹ, ತಂತಿ, ಚರ್ಮಗಳಿಂದಾದ ವಸ್ತುವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದರೆ ಇಂದು ನೃತ್ಯಶಾಲೆಗಳಲ್ಲಿ ಕೇಳಿಬರುವ ವಿದ್ಯುನ್ಮಾನ ಸಂಗೀತದ ಬಹುಭಾಗವು ಗಣಕಯಂತ್ರದೊಳಗಣ ಲೆಕ್ಕಾಚಾರದಿಂದಲೇ ಹುಟ್ಟುತ್ತದೆ. ಅಂಥ ಲೆಕ್ಕಾಚಾರವನ್ನು ನಡೆಸಿ ನಾದವನ್ನುಂಟುಮಾಡುವ ಸಾಧನಕ್ಕೆ ತಂತ್ರಾಂಶ ವಾದ್ಯವೆಂದು ಹೆಸರು. ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯು 1996ರಲ್ಲಿ ವಿಎಸ್‌ಟಿ ಎಂಬ ಜೋಡಣೆಯ ಕ್ರಮವನ್ನು ಪ್ರಕಟಿಸಿತು. 1999ರಲ್ಲಿ ಅದನ್ನು ವಾದ್ಯಗಳಿಗೂ ವಿಸ್ತರಿಸಿತು. ಅಲ್ಲಿಂದೀಚೆಗೆ ಇಂಥ ವಾದ್ಯಗಳು ನೂರಾರು ಸಂಖ್ಯೆಯಲ್ಲಿ ಬಂದಿವೆ. ಹೊಸದಾಗಿ ಕಲಿಯುವ ವಿದ್ಯಾರ್ಥಿಯು ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂದು ತಿಳಿಯದೆ, ಒಂದರ ಮೇಲೊಂದನ್ನು ಕೊಳ್ಳುತ್ತ ಹಣವನ್ನೂ ಕಾಲವನ್ನೂ ಕಳೆಯುವುದನ್ನು ನಾವು ಕಾಣುತ್ತೇವೆ. ಆಯ್ಕೆಗೆ ಆಧಾರವಾಗಬಲ್ಲ ಕೆಲವು ತತ್ತ್ವಗಳನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆ ‘ಯಾವ ವಾದ್ಯ ಶ್ರೇಷ್ಠ?’ ಎಂಬುದು. ಈ ಪ್ರಶ್ನೆಗೆ ಉತ್ತರವಿಲ್ಲ. ‘ಕೃತಿಯಲ್ಲಿ ಈ ನಾದ ಮಾಡಬೇಕಾದ ಕೆಲಸವೇನು? ಆ ಕೆಲಸಕ್ಕೆ ಒದಗುವ ನಾದೋತ್ಪತ್ತಿಯ ವಿಧಾನ ಯಾವುದು?’ ಎಂದು ಕೇಳಿದರೆ ಉತ್ತರವುಂಟು.

ಮೊದಲು ವಿಧಾನಗಳನ್ನು ನೋಡೋಣ. ಯಾವುದೇ ಸ್ವರದಲ್ಲಿ ಮೂಲ ಕಂಪನದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಉಪಸ್ವರಗಳು ಬೆರೆತಿರುತ್ತವೆ. ನಾದದ ಬಣ್ಣವು ಬಹುಮಟ್ಟಿಗೆ ಇವುಗಳ ಪ್ರಮಾಣವನ್ನು ಅವಲಂಬಿಸಿದೆ. ಮೊದಲನೆಯದು ಕಳೆಯುವ ವಿಧಾನ. ಗರಗಸದ ಹಲ್ಲಿನ ಆಕಾರದ ತರಂಗದಲ್ಲಿ ಎಲ್ಲ ಉಪಸ್ವರಗಳೂ, ಚೌಕಾಕಾರದ ತರಂಗದಲ್ಲಿ ಬೆಸ ಸಂಖ್ಯೆಯವು ಮಾತ್ರವೂ ಇರುತ್ತವೆ. ಇವುಗಳಲ್ಲಿ ಬೇಡವಾದುದನ್ನು ಫಿಲ್ಟರ್ ಎಂಬ ಶೋಧಕದಿಂದ ಸೋಸಿ ತೆಗೆಯುತ್ತಾರೆ. ದಪ್ಪನೆಯ ಮಂದ್ರಸ್ವರಗಳಿಗೂ ವಿಶಾಲವಾದ ಸ್ವರಮೇಳಗಳಿಗೂ ಇದು ತಕ್ಕುದು. ಎರಡನೆಯದು ಒಂದು ತರಂಗದಿಂದ ಮತ್ತೊಂದರ ಕಂಪನವೇಗವನ್ನು ಅಲುಗಾಡಿಸುವ ಎಫ್‌ಎಂ ವಿಧಾನ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜಾನ್ ಚೌನಿಂಗ್ ಇದನ್ನು 1973ರ ಪ್ರಬಂಧವೊಂದರಲ್ಲಿ ವಿವರಿಸಿದರು. ಯಮಹಾ ಸಂಸ್ಥೆಯು 1983ರಲ್ಲಿ ಹೊರತಂದ ಡಿಎಕ್ಸ್7 ವಾದ್ಯದಿಂದ ಇದು ಜನಪ್ರಿಯವಾಯಿತು. ಗಂಟೆಯ ನಾದ, ಲೋಹದ ಝಣತ್ಕಾರ, ಗಡಸಾದ ಮಂದ್ರಸ್ವರ ಇವು ಇದರ ಕ್ಷೇತ್ರ. ಮೂರನೆಯದು ತರಂಗಮಾಲೆಯ ವಿಧಾನ. ಬೇರೆ ಬೇರೆ ಆಕಾರದ ತರಂಗಗಳನ್ನು ಸಾಲಾಗಿ ಜೋಡಿಸಿಟ್ಟು, ಸ್ವರ ನುಡಿಯುತ್ತಿರುವಾಗಲೇ ಒಂದರಿಂದ ಇನ್ನೊಂದಕ್ಕೆ ಸರಿಯುವುದು ಇದರ ಮರ್ಮ. ಜರ್ಮನಿಯ ವೋಲ್ಫ್‌ಗಾಂಗ್ ಪಾಮ್ ತಮ್ಮ ಪಿಪಿಜಿ ವಾದ್ಯಗಳಲ್ಲಿ ಇದನ್ನು ಬಳಕೆಗೆ ತಂದರು. ಡಬ್‌ಸ್ಟೆಪ್ ಸಂಗೀತದಲ್ಲಿ ಗುರುಗುಟ್ಟುತ್ತ ರೂಪ ಬದಲಿಸುವ ಮಂದ್ರನಾದಗಳಿಗೆ ಇದು ಹೆಚ್ಚು ಒದಗುತ್ತದೆ.

ಇನ್ನು ಕೃತಿಯ ಕಡೆಯಿಂದ ನೋಡಬೇಕು. ಹೌಸ್ ಎಂಬ ಪ್ರಭೇದದ ಗತಿ ನಿಮಿಷಕ್ಕೆ ಸುಮಾರು 120ರಿಂದ 130 ಬಡಿತಗಳು. 125 ಎಂದಿಟ್ಟುಕೊಂಡರೆ ಒಂದು ಬಡಿತಕ್ಕೆ 480 ಮಿಲಿಸೆಕೆಂಡು. ಅದರ ಕಾಲುಭಾಗಕ್ಕೆ 120 ಮಿಲಿಸೆಕೆಂಡು. ಮಂದ್ರಸ್ವರದ ಸಾಲು ಈ ಕಾಲುಭಾಗಗಳಲ್ಲಿ ನಡೆಯುವಾಗ ಪ್ರತಿ ಸ್ವರವೂ ಆ ಅವಧಿಯೊಳಗೇ ಹುಟ್ಟಿ ಅಡಗಬೇಕು. ನಿಧಾನವಾಗಿ ಅರಳುವ ನಾದವು ಒಂಟಿಯಾಗಿ ಕೇಳಿದಾಗ ಎಷ್ಟೇ ಮನೋಹರವಾಗಿದ್ದರೂ ಇಲ್ಲಿ ಕಲಸಿಹೋಗುತ್ತದೆ. ಆದುದರಿಂದ ವಾದ್ಯವನ್ನು ಒಂಟಿಯಾಗಿ ಪರೀಕ್ಷಿಸದೆ, ಮದ್ದಳೆಯ ಪೆಟ್ಟಿನೊಡನೆ ಪರೀಕ್ಷಿಸುವುದು ಯುಕ್ತ.

ವಾದ್ಯದ ಗುಣವನ್ನಳೆಯಲು ಮತ್ತೊಂದು ಸುಲಭ ಪರೀಕ್ಷೆಯುಂಟು. ಗಣಕವು ಸೆಕೆಂಡಿಗೆ 44,100 ಬಾರಿ ನಾದದ ಅಳತೆ ತೆಗೆಯುವ ಏರ್ಪಾಟಿನಲ್ಲಿ, 22,050 ಕಂಪನಗಳಿಗಿಂತ ಮೇಲಿನದನ್ನು ನಿರೂಪಿಸುವುದು ಸಾಧ್ಯವಿಲ್ಲ. 5,000 ಕಂಪನಗಳ ಗರಗಸ ತರಂಗವನ್ನು ತೆಗೆದುಕೊಳ್ಳೋಣ. ಅದರ ಐದನೆಯ ಅಂಶ 25,000ದಲ್ಲಿ ಬರಬೇಕು. ಎಚ್ಚರಿಕೆಯಿಲ್ಲದೆ ರಚಿಸಿದ ವಾದ್ಯದಲ್ಲಿ ಅದು ಮಡಿಚಿಕೊಂಡು 19,100ರಲ್ಲಿ ಕೇಳಿಸುತ್ತದೆ. ಎಂಟನೆಯ ಅಂಶವಾದ 40,000ವು 4,100ಕ್ಕೆ ಇಳಿದು ಮೂಲಸ್ವರಕ್ಕಿಂತ ಕೆಳಗೆ, ಅದಕ್ಕೆ ಸಂಬಂಧವೇ ಇಲ್ಲದ ಅಪಸ್ವರವಾಗುತ್ತದೆ. ಫಿಲ್ಟರನ್ನು ಪೂರ್ಣವಾಗಿ ತೆರೆದು, ಪ್ರತಿಧ್ವನಿ ಮುಂತಾದ ಅಲಂಕಾರಗಳನ್ನು ನಿಲ್ಲಿಸಿ, ತಾರಸ್ಥಾಯಿಯ ಸ್ವರವೊಂದನ್ನು ನಿಧಾನವಾಗಿ ಮೇಲಕ್ಕೆ ಜಾರಿಸಿರಿ. ಸ್ವರ ಏರುತ್ತಿರುವಾಗ ಒಳಗಿನಿಂದ ಕ್ಷೀಣವಾದ ಸಿಳ್ಳುಗಳು ಕೆಳಗಿಳಿಯುವುದು ಕೇಳಿಬಂದರೆ ದೋಷವಿದೆಯೆಂದು ತಿಳಿಯಬೇಕು. ಒರಟುತನವನ್ನೇ ಬಯಸುವ ಸಂಗೀತಕ್ಕೆ ಅದೂ ಒಂದು ಬಣ್ಣವಾಗಬಹುದು. ಆದರೆ ಅದು ತಿಳಿದು ಆರಿಸಿದ ಬಣ್ಣವಾಗಿರಬೇಕು.

ಗಣಕದ ಶಕ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರೋಲ್ಯಾಂಡ್ ಸಂಸ್ಥೆಯ ಜೆಪಿ-8000 ವಾದ್ಯವು 1996ರಲ್ಲಿ ಏಳು ಗರಗಸ ತರಂಗಗಳನ್ನು ತುಸು ಅಪಶ್ರುತಿಯಲ್ಲಿ ಒಟ್ಟುಗೂಡಿಸುವ ನಾದವನ್ನು ತಂದಿತು. ಟ್ರಾನ್ಸ್ ಸಂಗೀತಕ್ಕೆ ಅದು ಲಕ್ಷಣವೇ ಆಯಿತು. ಇಂಥ ನಾದದಲ್ಲಿ ನಾಲ್ಕು ಸ್ವರಗಳ ಮೇಳವನ್ನು ನುಡಿಸಿದರೆ ಗಣಕವು ಏಕಕಾಲಕ್ಕೆ 28 ತರಂಗಗಳನ್ನು ಲೆಕ್ಕಹಾಕಬೇಕಾಗುತ್ತದೆ. ಹಳೆಯ ಯಂತ್ರವುಳ್ಳ ವಿದ್ಯಾರ್ಥಿಗೆ ಹಗುರವಾದ ವಾದ್ಯವೇ ಹೆಚ್ಚು ಉಪಯುಕ್ತ.

ಬೆಲೆಯ ವಿಷಯದಲ್ಲಿ ಒಂದು ಸಮಾಧಾನವುಂಟು. ಮೇಲ್ಕಂಡ ಮೂರು ವಿಧಾನಗಳಿಗೂ ಬೆಲೆ ತೆರದೆ ದೊರೆಯುವ ಸಮರ್ಥ ವಾದ್ಯಗಳಿವೆ. 2018ರಲ್ಲಿ ಮೂಲಸೂತ್ರ ಸಹಿತ ಮುಕ್ತವಾದ ಸರ್ಜ್ ವಾದ್ಯವು ಕಳೆಯುವ ವಿಧಾನಕ್ಕೂ, ಡಿಎಕ್ಸ್7ರ ಮಾದರಿಯಲ್ಲಿ ರಚಿತವಾದ ಡೆಕ್ಸೆಡ್ ಎಫ್‌ಎಂ ವಿಧಾನಕ್ಕೂ, 2020ರಲ್ಲಿ ಹೊರಬಂದ ವೈಟಲ್ ತರಂಗಮಾಲೆಗೂ ಸಾಕು. 2014ರ ಸೀರಮ್‌ನಂಥ ಬೆಲೆಯುಳ್ಳ ವಾದ್ಯಗಳ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಣವಿಲ್ಲದ ಕಾರಣಕ್ಕೆ ಯಾರೂ ಈ ವಿದ್ಯೆಯಿಂದ ದೂರವಿರಬೇಕಾಗಿಲ್ಲ. ಸಿದ್ಧನಾದಗಳ ಸಂಖ್ಯೆಯನ್ನು ನೋಡಿ ಮರುಳಾಗುವುದೂ ಬೇಡ. ಒಂದು ವಾದ್ಯವನ್ನು ತೆಗೆದುಕೊಂಡು, ಬರಿಯ ತರಂಗದಿಂದ ಮೊದಲುಮಾಡಿ, ತನಗೆ ಬೇಕಾದ ನಾದವನ್ನು ಕಟ್ಟಲು ಬರುವವರೆಗೆ ಎರಡನೆಯದನ್ನು ಮುಟ್ಟದಿರುವುದು ಒಳ್ಳೆಯ ಶಿಸ್ತು.

ಸಾಧನದ ಮಿತಿಯು ಕಲೆಗೆ ಬಾಧಕವೆಂದು ಯಾರಾದರೂ ಶಂಕಿಸಿದರೆ ಚರಿತ್ರೆಯೇ ಉತ್ತರ ಕೊಡುತ್ತದೆ. ರೋಲ್ಯಾಂಡ್ ಟಿಬಿ-303 ಎಂಬ ಪುಟ್ಟ ಯಂತ್ರವನ್ನು ಮಾಡಿದ್ದು ಗಿಟಾರ್ ವಾದಕರಿಗೆ ಮಂದ್ರಸ್ವರದ ಒತ್ತಾಸೆ ಕೊಡಲೆಂದು. ಅದರಲ್ಲಿದ್ದುದು ಒಂದೇ ತರಂಗಮೂಲ, ಒಂದು ಫಿಲ್ಟರ್, ಸ್ವರದಿಂದ ಸ್ವರಕ್ಕೆ ಜಾರುವ ಅನುಕೂಲ. ಗಿರಾಕಿಗಳಿಲ್ಲದೆ 1984ರಲ್ಲಿ ಅದರ ತಯಾರಿಕೆ ನಿಂತಿತು. ಷಿಕಾಗೋ ನಗರದ ಫ್ಯೂಚರ್ ಎಂಬ ತಂಡದವರು ಅದನ್ನು ಬಳಸಿ, ನುಡಿಯುತ್ತಿರುವಾಗಲೇ ಫಿಲ್ಟರಿನ ಗುಂಡಿಗಳನ್ನು ತಿರುಗಿಸುತ್ತ ಮಾಡಿದ ‘ಆಸಿಡ್ ಟ್ರಾಕ್ಸ್’ 1987ರಲ್ಲಿ ಪ್ರಕಟವಾಗಿ, ಆಸಿಡ್ ಹೌಸ್ ಎಂಬ ಪ್ರಭೇದಕ್ಕೇ ನಾಂದಿಯಾಯಿತು.

ಅದಕ್ಕೂ ಐದು ವರ್ಷ ಮೊದಲೇ, 1982ರಲ್ಲಿ, ಮುಂಬಯಿಯ ಚಲನಚಿತ್ರ ಸಂಗೀತದಲ್ಲಿ ವಾದಕರಾಗಿದ್ದ ಚರಣ್‌ಜಿತ್ ಸಿಂಗ್ ಅವರು ಇದೇ ಟಿಬಿ-303ರೊಡನೆ ಟಿಆರ್-808 ತಾಳಯಂತ್ರವನ್ನೂ ಜ್ಯೂಪಿಟರ್-8 ವಾದ್ಯವನ್ನೂ ಬಳಸಿ, ಹತ್ತು ರಾಗಗಳನ್ನು ಡಿಸ್ಕೊ ಲಯದಲ್ಲಿ ನುಡಿಸಿದ ಧ್ವನಿಮುದ್ರಿಕೆಯನ್ನು ಹೊರತಂದಿದ್ದರು. ನಮ್ಮವರು ಜಾರು ಎಂದೂ ಹಿಂದುಸ್ತಾನಿಯವರು ಮೀಂಡ್ ಎಂದೂ ಕರೆಯುವ ಗಮಕಕ್ಕೆ ಹತ್ತಿರವಾದ ಗುಣ ಆ ಯಂತ್ರದಲ್ಲಿತ್ತು. ಅಂದು ಹೆಚ್ಚು ಜನರ ಕಿವಿಗೆ ಬೀಳದ ಆ ಮುದ್ರಿಕೆ 2010ರಲ್ಲಿ ಮರುಪ್ರಕಟವಾದಾಗ ಪಾಶ್ಚಾತ್ಯ ರಸಿಕರು ಬೆರಗಾದರು. ಮೂರೇ ವಾದ್ಯಗಳು, ಪ್ರತಿಯೊಂದಕ್ಕೂ ಅದರದೇ ಕೆಲಸ. ನೂರು ವಾದ್ಯಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತ ವಿದ್ಯಾರ್ಥಿಯು ಈ ನಿದರ್ಶನವನ್ನು ನೆನೆದರೆ, ಆಯ್ಕೆಯು ಅಷ್ಟು ಕಷ್ಟವಾಗಿ ತೋರದೆಂದು ನಾವು ಭಾವಿಸುತ್ತೇವೆ.